ಹೆಂಗಸರಿಗೆ ‘ಅಂಥ ಸಿನಿಮಾ’ ಯಾಕೆ ಅಂತ ಕೇಳುವವರಿಗೆ

ಪ್ರಶ್ನೆ: ಮೇಡಂ, ಹೆಂಗಸರೇ ಹೆಂಗಸರಿಗೆ ಅಂತ ಮಾಡುವ ಕಾಮದ ಸಿನಿಮಾಗಳು ಇವೆಯಂತೆ, ನಿಜವಾ? ಹೆಂಗಸರಿಗೆ ಇವೆಲ್ಲ ನೋಡಿದರೆ ಏನೂ ಅನ್ನಿಸುವುದಿಲ್ಲ ಅಲ್ವಾ, ಮತ್ತೆ ಯಾರಿಗೆ ಮಾಡುತ್ತಾರೆ?
– ಒಬ್ಬ ಓದುಗ, ಶಿರಾ

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ, ನಾನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಒಮ್ಮೆ ತಿಪಟೂರಿನಿಂದ, ಒಮ್ಮೆ ಮಧುಗಿರಿಯಿಂದ. ಊರು ಬದಲಾದರೂ ಆ ‘ಅಲ್ವಾ’ ಬದಲಾಗುವುದಿಲ್ಲ. ಉತ್ತರ ತಮಗೆ ಗೊತ್ತೇ ಇದೆ ಅಂದುಕೊಂಡು ಕೇಳುವವರ ‘ಅಲ್ವಾ’ ಅದು.

ಮೊದಲರ್ಧಕ್ಕೆ ಉತ್ತರ ಸುಲಭ. ಇವೆ. ಕ್ಯಾಂಡಿಡಾ ರಾಯಲ್ ಅನ್ನುವವರು 1984ರಲ್ಲಿ ನ್ಯೂಯಾರ್ಕಿನಲ್ಲಿ ಇದಕ್ಕೆಂದೇ ‘ಫೆಮ್ ಪ್ರೊಡಕ್ಷನ್ಸ್’ ಶುರು ಮಾಡಿದರು. ಅದಕ್ಕೂ ಮೊದಲು ಅವರು ಅಂಥ ಚಿತ್ರಗಳಲ್ಲೇ ನಟಿಸಿದ್ದವರು, ಒಳಗಿನದೆಲ್ಲ ಕಂಡಿದ್ದವರು. 2009ರಲ್ಲಿ ಸ್ವೀಡನ್ನಿನ ಮಿಯಾ ಎಂಗ್‌ಬರ್ಗ್ ಹಲವು ಹೆಂಗಸರಿಂದ ಕಿರುಚಿತ್ರ ಮಾಡಿಸಿದಾಗ ಅಲ್ಲಿನ ಫಿಲಂ ಇನ್‌ಸ್ಟಿಟ್ಯೂಟೇ ಹಣ ಕೊಟ್ಟಿತು. ದೊಡ್ಡ ಗಲಾಟೆಯೂ ಆಯಿತು. ಬಾರ್ಸಿಲೋನಾದಲ್ಲಿರುವ ಎರಿಕಾ ಲಸ್ಟ್ 2013ರಿಂದ ನೋಡುಗರೇ ಬರೆದು ಕಳಿಸುವ ಆಸೆಗಳನ್ನು ಕಥೆ ಮಾಡಿ ಚಿತ್ರಿಸುತ್ತಿದ್ದಾರೆ.

ಮಾಮೂಲಿ ಬ್ಲೂ ಫಿಲಂಗೂ ಇದಕ್ಕೂ ಏನು ವ್ಯತ್ಯಾಸ? ಕ್ಯಾಮೆರಾ ಯಾರ ಕಣ್ಣಾಗಿ ನೋಡುತ್ತಿದೆ ಅನ್ನುವುದು. ಇಲ್ಲಿ ಅವಳ ಮುಖವೂ ಕಾಣುತ್ತದೆ, ಅವನ ಮೈಯೂ ಕಾಣುತ್ತದೆ. ಗಂಡಸಿನ ಕೆಲಸ ಮುಗಿದ ಕೂಡಲೇ ದೃಶ್ಯ ಮುಗಿಯುವುದಿಲ್ಲ. ಚಿತ್ರೀಕರಣಕ್ಕೆ ಮುಂಚೆ ಯಾವುದಕ್ಕೆ ಹೂಂ, ಯಾವುದಕ್ಕೆ ಬೇಡ ಅಂತ ಕೂತು ಮಾತಾಡಿಕೊಂಡಿರುತ್ತಾರೆ. ಎಲ್ಲರೂ ಹೇಳಿದಂತೆಯೇ ನಡೆದುಕೊಳ್ಳುತ್ತಾರೆ ಅಂತ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ನಿರ್ದೇಶನ ಹೆಂಗಸಿನದು ಅಂದ ಮಾತ್ರಕ್ಕೆ ಸಿನಿಮಾ ಹೆಂಗಸರದಾಗಿಬಿಡುವುದೂ ಇಲ್ಲ.

ಈಗ ಎರಡನೆಯ ಅರ್ಧ. ಇದಕ್ಕೇ ನನಗೆ ಮೈ ಉರಿಯುವುದು.

ನಾನು ಪಿಯುಸಿ ಓದುವಾಗ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಡೆದುಕೊಂಡೇ ಕಾಲೇಜಿಗೆ ಹೋಗುತ್ತಿದ್ದೆವು. ದಾರಿಯಲ್ಲಿ ಬೆಳಗಿನ ಆಟದ ಪೋಸ್ಟರ್ ಅಂಟಿಸಿದ ಗೋಡೆ. ಪೋಸ್ಟರ್ ತುಂಬ ಹೆಂಗಸು, ಎದೆಯ ಮೇಲೆ ಅಡ್ಡಕ್ಕೆ ಅಂಟಿಸಿದ ಕಪ್ಪು ಕಾಗದ. ಟಿಕೆಟ್ ಕೊಡುವ ಕಿಂಡಿಯ ಮುಂದೆ ಬರೀ ಗಂಡಸರು. ನಾವು ಪುಸ್ತಕ ಎದೆಗವಚಿಕೊಂಡು ಆ ಕಡೆ ಫುಟ್‌ಪಾತ್‌ಗೆ ದಾಟುತ್ತಿದ್ದೆವು. ದಾಟಿದ್ದನ್ನು ನೋಡಿದವರು ಏನು ತೀರ್ಮಾನ ಮಾಡಿದರು? ‘ನೋಡಿ, ಹೆಣ್ಣುಮಕ್ಕಳಿಗೆ ಇದೆಲ್ಲ ಇಷ್ಟವಿಲ್ಲ.’

ತಣ್ಣಗಾದ ಮುದ್ದೆಗೆ ಉಪ್ಪಿಲ್ಲದ ಸಾರು ಬಿಟ್ಟು, ‘ಇವಳಿಗೆ ಹಸಿವೇ ಇಲ್ಲ’ ಅಂದ ಹಾಗಾಯಿತು ಇದು.

ಈ ನಂಬಿಕೆ ಬೀದಿಯದು ಮಾತ್ರ ಅಲ್ಲ. 1953ರಲ್ಲಿ ಅಮೆರಿಕದ ಸಂಶೋಧಕ ಕಿನ್ಸೆ ಹೆಂಗಸರ ಲೈಂಗಿಕತೆ ಬಗ್ಗೆ ಬರೆದ ದಪ್ಪ ಪುಸ್ತಕದಲ್ಲೂ ಇದೆ: ಚಿತ್ರ ನೋಡಿ ಕೆರಳುವುದು ಹೆಂಗಸರಲ್ಲಿ ಕಮ್ಮಿ ಅಂತ. ಅವರು ನಂಬಿದ್ದು ಕೂರಿಸಿಕೊಂಡು ಕೇಳಿದಾಗ ಬಂದ ಉತ್ತರಗಳನ್ನು. ಸ್ವಾಮಿ, ಅಪರಿಚಿತರು ಕೂರಿಸಿಕೊಂಡು ‘ನಿಮಗೆ ಇಂಥದ್ದು ನೋಡಿದರೆ ಏನಾಗುತ್ತೆ’ ಅಂದರೆ ಯಾವ ಹೆಂಗಸು ಏನು ಹೇಳಬೇಕು?

ಆಮೇಲೆ ಕೇಳುವುದರ ಜೊತೆಗೆ ಅಳೆಯುವುದೂ ಶುರುವಾಯಿತು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬ ಇಷ್ಟ. ನೆದರ್ಲೆಂಡ್ಸ್‌ನ ಎಲೆನ್ ಲಾನ್ ಮತ್ತು ಜೊತೆಗಾರರು 47 ಹೆಂಗಸರಿಗೆ ಎರಡು ತುಣುಕು ತೋರಿಸಿದರು. ಒಂದು ಗಂಡಸು ಮಾಡಿದ್ದು, ಇನ್ನೊಂದು ಹೆಂಗಸು ಮಾಡಿದ್ದು. ಉಪಕರಣ ಇಟ್ಟು ಅಳೆದರೆ ಎರಡಕ್ಕೂ ಮೈ ಸ್ಪಂದಿಸಿದ್ದು ಒಂದೇ ಥರ. ‘ಏನನ್ನಿಸಿತು’ ಅಂತ ಕೇಳಿದರೆ ಮಾತ್ರ ಉತ್ತರ ಬೇರೆ. ಹೆಂಗಸು ಮಾಡಿದ್ದು ಹೆಚ್ಚು ಹಿಡಿಸಿತು. ಗಂಡಸು ಮಾಡಿದ್ದಕ್ಕೆ ನಾಚಿಕೆ, ತಪ್ಪು ಮಾಡಿದ ಭಾವ, ಅಸಹ್ಯ ಜಾಸ್ತಿ.

ಇನ್ನೊಮ್ಮೆ ಓದಿ. ಮೈಗೆ ಕಣ್ಣಿದೆ. ಹಿಂದೆ ಸರಿದದ್ದು ಮನಸ್ಸು. ಅದೂ ಇಂಥ ಸಿನಿಮಾ ಅಂತಲ್ಲ, ಅದರಲ್ಲಿ ತನ್ನನ್ನು ನಡೆಸಿಕೊಂಡ ರೀತಿಗೆ. ಬಿ.ಎಚ್. ರಸ್ತೆಯಲ್ಲಿ ನಾವು ದಾಟಿದ್ದೂ ಅದಕ್ಕೇ ಅಂತ ನನಗೆ ಗೊತ್ತಾಗುವುದಕ್ಕೆ ನಲವತ್ತು ದಾಟಬೇಕಾಯಿತು.

‘ಒಂದು ಅಧ್ಯಯನ ತಾನೇ’ ಅನ್ನುವವರಿಗೆ ಇನ್ನೊಂದು. 2019ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ಸಂಶೋಧಕರು ಮಿದುಳಿನ ಸ್ಕ್ಯಾನ್ ಮಾಡಿದ 61 ಅಧ್ಯಯನಗಳನ್ನು, ಒಟ್ಟು 1,850 ಜನರ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದರು. ಇಂಥ ಚಿತ್ರ ಕಂಡಾಗ ಗಂಡಸಿನ ಮಿದುಳೂ ಹೆಂಗಸಿನ ಮಿದುಳೂ ಹೆಚ್ಚುಕಮ್ಮಿ ಒಂದೇ ರೀತಿ ಕೆಲಸ ಮಾಡುತ್ತವೆ ಅಂತ ಬಂತು.

ಇಷ್ಟಾದ ಮೇಲೆ ಕೆಲವರು ವರಸೆ ಬದಲಿಸುತ್ತಾರೆ. ‘ಹಾಗಾದರೆ ಹೆಂಗಸರಿಗೆ ಹೂವು, ಮೇಣದಬತ್ತಿ, ಮೆಲ್ಲಗೆ ಸಂಗೀತ ಬೇಕು.’ ಕೆಲವರಿಗೆ ಬೇಕು, ಕೆಲವರಿಗೆ ಬೇಡ. ಎಲ್ಲ ಗಂಡಸರಿಗೂ ಒಂದೇ ಸಾರು ಸೇರುತ್ತಾ?

ನಮ್ಮಲ್ಲಿ 2017ರಲ್ಲಿ ಅಲಂಕೃತಾ ಶ್ರೀವಾಸ್ತವ ಅವರ ಹಿಂದಿ ಚಿತ್ರ ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ಕ್ಕೆ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಡಲಿಲ್ಲ. ಪತ್ರದಲ್ಲಿ ಬರೆದ ಕಾರಣಗಳಲ್ಲಿ ಮೊದಲನೆಯದು, ಕಥೆ ಹೆಂಗಸರ ಕಡೆಯದು ಅನ್ನುವುದು! ಮೇಲ್ಮನವಿ ಹಾಕಿದ ಮೇಲೆ ‘ಎ’ ಸಿಕ್ಕಿ ಅದೇ ವರ್ಷ ಜುಲೈನಲ್ಲಿ ಬಿಡುಗಡೆಯಾಯಿತು. ಅದು ಬ್ಲೂ ಫಿಲಂ ಕೂಡ ಅಲ್ಲ, ನಾಲ್ಕು ಹೆಂಗಸರ ಆಸೆಯ ಕಥೆ ಅಷ್ಟೇ.

‘ಇದೆಲ್ಲ ವಿದೇಶದ್ದು’ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕೋಲಾರದ ಕಡೆ ತೆಲುಗು ಬಲ್ಲ ಓದುಗರಿದ್ದೀರಲ್ಲ, ನಿಮಗೆ ಮುದ್ದುಪಳನಿ ಗೊತ್ತಿರಬೇಕು. 18ನೇ ಶತಮಾನದಲ್ಲಿ ತಂಜಾವೂರಿನಲ್ಲಿ ಕೂತು ರಾಧೆಯ ಆಸೆಯನ್ನು ರಾಧೆಯ ಕಡೆಯಿಂದ ಬರೆದಾಕೆ. ಆ ಕಾವ್ಯವನ್ನು 1910ರಲ್ಲಿ ಪೂರ್ತಿಯಾಗಿ ಅಚ್ಚು ಹಾಕಿಸಿದವರು ನಮ್ಮ ಬೆಂಗಳೂರು ನಾಗರತ್ನಮ್ಮ. ನಾಚಿಕೆ ಹೆಂಗಸರಿಗೆ ಮಾತ್ರ ಇರಬೇಕಾ ಅಂತ ಪಂಡಿತರನ್ನು ಕೇಳಿದವರು. ಸರ್ಕಾರ ಪುಸ್ತಕ ನಿಷೇಧಿಸಿತು. ನಿಷೇಧ ಹೋದದ್ದು 1947ರಲ್ಲಿ.

ಅಷ್ಟು ದೂರವೂ ಬೇಡ. ಚಿಂತಾಮಣಿಯಲ್ಲಿ ನಮ್ಮ ಅಕ್ಕನ ಮಗಳ ಮದುವೆ. ರಾತ್ರಿ ಕೋಣೆಯಲ್ಲಿ ಬರೀ ಹೆಂಗಸರು, ಬೀಗಿತ್ತಿಯನ್ನು ಆಡಿಕೊಳ್ಳುವ ಹಾಡು. ಎಪ್ಪತ್ತು ದಾಟಿದ ಸೋದರತ್ತೆ ಹೇಳಿಕೊಡುತ್ತಿದ್ದರು. ಸಾಲು ಸಾಲಿಗೂ ಪೋಲಿ ಮಾತು, ಇಲ್ಲಿ ಬರೆಯುವ ಹಾಗಿಲ್ಲ. ಮದುಮಗಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ನೆಂಟರ ಹುಡುಗನೊಬ್ಬ ಬಾಗಿಲಲ್ಲಿ ನಿಂತು ಮೊಬೈಲ್ ಎತ್ತಿ ವಿಡಿಯೊ ಮಾಡತೊಡಗಿದ. ಅತ್ತೆ ಹಾಡು ನಿಲ್ಲಿಸಿ, ‘ಹೋಗೋ ಮಗಾ, ಆಚೆ ಹೋಗು, ಇದು ನಿನಗಲ್ಲ’ ಅಂದರು. ಬಾಗಿಲು ಹಾಕಿಸಿ, ಬಿಟ್ಟ ಸಾಲಿನಿಂದಲೇ ಮತ್ತೆ ಎತ್ತಿಕೊಂಡರು.