ಮಗುವಿನ ಗೂರಲಿಗೆ ರಸ್ತೆಯ ಹೊಗೆಯೂ ಕಾರಣವಾ?

ಓದುಗರ ಪ್ರಶ್ನೆ: ಮಗಳಿಗೆ ಆರು ವರ್ಷ. ಹಾಸನದಲ್ಲಿದ್ದಾಗ ಆಗೊಮ್ಮೆ ಈಗೊಮ್ಮೆ ನೆಗಡಿ ಆಗ್ತಿತ್ತು, ಅಷ್ಟೇ. ಬೆಂಗಳೂರಿಗೆ ಬಂದು ಎರಡು ವರ್ಷವಾಯಿತು, ಮನೆ ಮುಖ್ಯರಸ್ತೆಯಲ್ಲೇ ಇದೆ. ಈಗ ರಾತ್ರಿಯಿಡೀ ಕೆಮ್ಮು, ಎದೆಯಲ್ಲಿ ಸುಯ್ ಸುಯ್ ಸದ್ದು. ಡಾಕ್ಟರು ಆಸ್ತಮಾ, ಅಂದರೆ ಗೂರಲು ಅಂದರು. ಇದು ಗಾಡಿಗಳ ಹೊಗೆಯಿಂದಲೇ ಬಂದಿದ್ದಾ? ಊರಿಗೆ ವಾಪಸ್ ಹೋದರೆ ವಾಸಿಯಾಗುತ್ತಾ?

ಹೊಗೆಯೊಂದರಿಂದಲೇ ಬಂತು ಅಂತ ಒಂದು ಮಗುವನ್ನು ತೋರಿಸಿ ಹೇಳುವುದು ಕಷ್ಟ. ಮನೆತನದಲ್ಲಿರುವ ಅಲರ್ಜಿ, ಎಳವೆಯಲ್ಲಿ ಆದ ವೈರಸ್ ಸೋಂಕು, ಹಾಸಿಗೆಯ ಧೂಳು, ಇವೆಲ್ಲ ಸೇರಿರುತ್ತವೆ. ಆದರೆ ಹೊಗೆಗೂ ಇದರಲ್ಲಿ ದೊಡ್ಡ ಪಾಲಿದೆ. ಅದಕ್ಕೆ ನಮ್ಮ ಬೆಂಗಳೂರಿನದೇ ಪುರಾವೆ ಇದೆ.

ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ವರ್ಷಗಟ್ಟಲೆ ಈ ಲೆಕ್ಕ ಇಟ್ಟವರು. ಅವರು ಆಸ್ಪತ್ರೆಯಲ್ಲಿ ನೋಡಿದ ಮಕ್ಕಳಲ್ಲಿ ಆಸ್ತಮಾ ಇದ್ದವರು 1979ರಲ್ಲಿ ನೂರಕ್ಕೆ 9, 1999ರಲ್ಲಿ 29.5. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದ್ದಲ್ಲ. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಅವರು 12 ಶಾಲೆಗಳ 6,550 ಮಕ್ಕಳನ್ನು ನೋಡಿ ಕಂಡುಕೊಂಡದ್ದು. ಗಾಡಿ ಓಡಾಟ ಕಡಿಮೆ ಇದ್ದ ಕಡೆಯ ಶಾಲೆಗಳಲ್ಲಿ ಆಸ್ತಮಾ ನೂರಕ್ಕೆ ಸುಮಾರು 11. ಓಡಾಟ ಜಾಸ್ತಿ ಇದ್ದ ಕಡೆ 19. ಓಡಾಟವೂ ಜಾಸ್ತಿ, ಮಕ್ಕಳೂ ಬಡವರ ಮನೆಯವರು ಅನ್ನುವ ಕಡೆ 31. ಈ ಕೊನೆಯ ಸಂಖ್ಯೆ ಓದಿದಾಗಲೆಲ್ಲ ಹೊಟ್ಟೆ ಕಿವುಚಿದಂತಾಗುತ್ತದೆ. ಆ ಮಕ್ಕಳ ಅಪ್ಪ ಅಮ್ಮನಿಗೆ ಮನೆ ಬದಲಿಸುವ ದಾರಿ ಎಲ್ಲಿತ್ತು?

ಎದೆಯೊಳಗೆ ಏನಾಗುತ್ತದೆ ಅಂತ ನೋಡೋಣ. ಡೀಸೆಲ್ ಹೊಗೆಯ ಸಣ್ಣ ಕಣಗಳಲ್ಲಿ 2.5 ಮೈಕ್ರಾನ್‌ಗಿಂತ ಚಿಕ್ಕವು ಮೂಗಿನಲ್ಲಿ ನಿಲ್ಲುವುದಿಲ್ಲ. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಇವು ಎಷ್ಟು ಸಣ್ಣವು ನೋಡಿ. ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಜೊತೆಗೆ ನೈಟ್ರೋಜನ್ ಡೈಆಕ್ಸೈಡ್ ಅನಿಲ ಉಸಿರು ಕೊಳವೆಯ ಒಳಪದರವನ್ನು ಕೆರಳಿಸುತ್ತದೆ. ಕೊಳವೆ ಊದಿಕೊಳ್ಳುತ್ತದೆ, ಕಫ ಜಾಸ್ತಿಯಾಗುತ್ತದೆ, ಸುತ್ತಲ ಸ್ನಾಯು ಬಿಗಿಯುತ್ತದೆ. ಆ ಸಂದಿಯಲ್ಲಿ ಗಾಳಿ ನುಗ್ಗುವಾಗ ಕೇಳುವುದೇ ನಿಮ್ಮ ಮಗಳ ಸುಯ್ ಸುಯ್. ಹೀಗೆ ಕೆರಳಿದ ಕೊಳವೆಗೆ ಪರಾಗವೋ ನೆಗಡಿಯೋ ತಾಗಿದರೆ ಪೆಟ್ಟು ಇನ್ನೂ ಜೋರು. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ. ಮೈತೂಕಕ್ಕೆ ಹೋಲಿಸಿದರೆ ಒಳಗೆಳೆಯುವ ಗಾಳಿಯೂ ಜಾಸ್ತಿ. ಮೇಲಾಗಿ ಅವರ ಮೂಗು ಸೈಲೆನ್ಸರ್‌ಗೆ ಹತ್ತಿರ, ಅಲ್ವಾ?

ದೆಹಲಿಗಿಂತ ನಮ್ಮ ಗಾಳಿ ಎಷ್ಟೋ ವಾಸಿ ಅಂತ ಸಮಾಧಾನ ಪಡುತ್ತೇವೆ. ಆದರೆ ಪಿಎಂ 2.5ಕ್ಕೆ, ಅಂದರೆ ಮೇಲೆ ಹೇಳಿದ ಆ ಸಣ್ಣ ಕಣಗಳಿಗೆ, ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ಮೊಬೈಲಿನಲ್ಲಿ ಕಾಣುವ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಪಟ್ಟಿಯನ್ನೂ ಪೂರ್ತಿ ನಂಬಿ ಕೂರಬೇಡಿ. ನಮ್ಮ ಸೂಚ್ಯಂಕದಲ್ಲಿ ಕಣಗಳ ಲೆಕ್ಕ 24 ಗಂಟೆಯ ಸರಾಸರಿ. ಬೆಳಿಗ್ಗೆ ಎಂಟೂವರೆಗೆ ಶಾಲೆಯ ಗೇಟಿನ ಮುಂದೆ ಎಂಜಿನ್ ಆರಿಸದೆ ನಿಂತ ವ್ಯಾನುಗಳ ಹೊಗೆ ಅದರಲ್ಲಿ ಎದ್ದು ಕಾಣುವುದಿಲ್ಲ.

ಲಂಡನ್ನಿನ ಲೂಯಿಶಾಮ್‌ನಲ್ಲಿ ಎಲಾ ಅಡೂ ಕಿಸ್ಸಿ ಡೆಬ್ರಾ ಅನ್ನುವ ಹುಡುಗಿ ಇದ್ದಳು. ಮನೆ ವಾಹನ ತುಂಬಿದ ದೊಡ್ಡ ರಸ್ತೆಯ ಹತ್ತಿರ. ಆಸ್ತಮಾದಿಂದ 25ಕ್ಕೂ ಹೆಚ್ಚು ಸಲ ಆಸ್ಪತ್ರೆ ಸೇರಿದಳು. 2013ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಒಂಬತ್ತು ವರ್ಷ. ಅವಳ ಸಾವಿಗೆ ವಾಯುಮಾಲಿನ್ಯವೂ ಕಾರಣ ಅಂತ 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಕರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ತೀರ್ಪು ಕೊಟ್ಟರು. ಹೊಗೆಯ ಅಪಾಯದ ಬಗ್ಗೆ ತಾಯಿಗೆ ಯಾರೂ ಮಾಹಿತಿ ಕೊಟ್ಟಿರಲಿಲ್ಲ ಅಂತಲೂ ಅವರು ಹೇಳಿದರು. ನಿಮ್ಮ ಪ್ರಶ್ನೆಗೆ ಇಷ್ಟು ಉದ್ದ ಉತ್ತರ ಬರೆಯುತ್ತಿರುವುದು ಅದಕ್ಕೇ.

ಈಗ ಊರಿನ ವಿಷಯ. ಗಾಳಿ ಸುಧಾರಿಸಿದರೆ ಲಾಭ ಖಂಡಿತ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1993ರಿಂದ ಸುಮಾರು ಎರಡು ದಶಕ ಮಕ್ಕಳನ್ನು ಗಮನಿಸಿದರು. ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಇಳಿದಂತೆ ಹೊಸದಾಗಿ ಆಸ್ತಮಾ ಬರುವ ಮಕ್ಕಳೂ ಕಡಿಮೆಯಾದರು. ಆದರೆ ಈಗಾಗಲೇ ಬಂದಿರುವ ಆಸ್ತಮಾ ಊರು ಬದಲಿಸಿದ ತಕ್ಷಣ ಹೋಗುತ್ತದೆ ಅನ್ನುವ ಭರವಸೆ ಇಲ್ಲ. ಹಳ್ಳಿಯಲ್ಲೂ ಸೌದೆ ಒಲೆ ಇದೆ, ಅಲರ್ಜಿ ತರುವ ಪಾರ್ಥೇನಿಯಂ ಕಳೆ ಇದೆ.

ಸದ್ಯಕ್ಕೆ ಅವಳು ಮಲಗುವ ಕೋಣೆಯನ್ನು ರಸ್ತೆಯಿಂದ ದೂರದ ಬದಿಗೆ ಬದಲಿಸಿ. ವಾಹನ ಕಿಕ್ಕಿರಿಯುವ ಹೊತ್ತಲ್ಲಿ ಆ ಕಡೆಯ ಕಿಟಕಿ ಮುಚ್ಚಿ. ಶಾಲೆಗೆ ಒಳರಸ್ತೆ ಹಿಡಿದು ಹೋಗಿ. ಸೊಳ್ಳೆ ಬತ್ತಿ, ಊದುಬತ್ತಿ, ಸಿಗರೇಟು ಮನೆಯೊಳಗೆ ಬೇಡವೇ ಬೇಡ. ಡಾಕ್ಟರು ದಿನಾ ತೆಗೆದುಕೊಳ್ಳಲು ಹೇಳಿದ ಇನ್ಹೇಲರನ್ನು ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ಹಾಕಿ ಕೊಡಿ. ಕೆಮ್ಮು ನಿಂತಿತು ಅಂತ ಸುಮ್ನೆ ನಿಲ್ಲಿಸಬೇಡಿ. ಅದು ಚಟವಾಗುತ್ತದೆ ಅನ್ನುವುದು ಸುಳ್ಳು. ಒಳಗಿನ ಊತ ಇಳಿಸುವುದೇ ಅದರ ಕೆಲಸ.

ಮಾತಾಡಲಾರದಷ್ಟು ಏದುಸಿರು, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಡಾಕ್ಟರು ಕೊಟ್ಟಿರುವ ತುರ್ತು ಇನ್ಹೇಲರ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.