ಇರಾನಿನಲ್ಲಿ ಮಂಗೋಲರ ಆಳ್ವಿಕೆ: ರೈತ ಊರು ಬಿಟ್ಟಿದ್ದು ಯಾಕೆ?

ಮಂಗೋಲರು ಇರಾನನ್ನು ಹಾಳು ಮಾಡಿದರೋ, ಕಟ್ಟಿದರೋ? ಇತಿಹಾಸ ಓದುವವರ ನಡುವೆ ಈ ಜಗಳ ಮುಗಿಯುವುದೇ ಇಲ್ಲ. ಒಂದು ಕಡೆಯವರು ಮರ್ವ್, ನಿಶಾಪುರದಲ್ಲಿ ನಡೆದ ಕಗ್ಗೊಲೆಗಳನ್ನು ಎತ್ತುತ್ತಾರೆ. ಇನ್ನೊಂದು ಕಡೆಯವರು ಮರಾಘೆಯ ವೀಕ್ಷಣಾಲಯ, ಸುಲ್ತಾನಿಯೆಯ ನೀಲಿ ಗುಮ್ಮಟ, ತಬ್ರೀಜಿನ ಚಿತ್ರಗಳ ಪುಸ್ತಕಗಳನ್ನು ತೋರಿಸುತ್ತಾರೆ. ಎರಡೂ ನಿಜವೇ. ಆದರೆ ಎರಡು ವಾದದಲ್ಲೂ ಹಳ್ಳಿ ಕಾಣುವುದಿಲ್ಲ. ದಂಡಿಗೂ ಗುಮ್ಮಟಕ್ಕೂ ದುಡ್ಡು ಬಂದಿದ್ದು ಹೆಚ್ಚಾಗಿ ಹಳ್ಳಿಯಿಂದ. ಅಲ್ಲಿ ನಿಂತು ನೋಡಿದರೆ ಗೋಜಲು ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಹಿಂದಿನದನ್ನು ಬೇಗ ಹೇಳಿ ಮುಗಿಸೋಣ. 1218ರಲ್ಲಿ ಚೆಂಗಿಸ್ ಖಾನ್ ಕಳಿಸಿದ ವ್ಯಾಪಾರಿಗಳನ್ನು ಖ್ವಾರಜ್ಮ್ ರಾಜ್ಯದ ಗಡಿ ಊರಾದ ಒತ್ರಾರಿನಲ್ಲಿ ಕೊಂದು ಸರಕು ಕಿತ್ತುಕೊಂಡರು. ಮರುವರ್ಷವೇ ದಂಡು ಬಂತು. 1220ರಲ್ಲಿ ಬುಖಾರಾ, ಸಮರ್ಕಂದ್ ಬಿದ್ದವು. 1221ರಲ್ಲಿ ಮರ್ವ್, ನಿಶಾಪುರ ಬಿದ್ದವು. ಆಮೇಲೆ ಸುಮಾರು ಮೂವತ್ತು ವರ್ಷ ದೂರದ ಮಂಗೋಲಿಯಾ ನೇಮಿಸಿದ ಅಧಿಕಾರಿಗಳ ದರ್ಬಾರು. 1256ರಲ್ಲಿ ಚೆಂಗಿಸನ ಮೊಮ್ಮಗ ಹುಲಗು ಅಲಮೂತ್ ಸೀಮೆಯ ಕೋಟೆಗಳನ್ನು ಹಿಡಿದ, 1258ರಲ್ಲಿ ಬಾಗ್ದಾದಿನ ಖಲೀಫನನ್ನು ಕೊಲ್ಲಿಸಿದ. 1260ರಲ್ಲಿ ಐನ್ ಜಾಲೂತ್‌ನಲ್ಲಿ ಈಜಿಪ್ಟಿನ ಮಮ್ಲೂಕರು ಮಂಗೋಲ್ ಪಡೆಯನ್ನು ಸೋಲಿಸಿದರು. ಪಶ್ಚಿಮಕ್ಕೆ ಹೋಗುವ ದಾರಿ ಮುಚ್ಚಿತು. ಹುಲಗುವಿನ ವಂಶ ಇರಾನ್, ಇರಾಕ್, ಅಜರ್‌ಬೈಜಾನಿನಲ್ಲಿ ನೆಲೆ ನಿಂತಿತು. ಅವರೇ ಇಲ್‌ಖಾನರು.

ಈಗ ನೀರಿನ ವಿಷಯ ತಿಳಿಯಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇರಾನಿನ ಬಹುಪಾಲು ಒಣ ನೆಲ. ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಸುರಂಗದಲ್ಲಿ ಕಿಲೋಮೀಟರುಗಟ್ಟಲೆ ಹರಿಸಿ ಹೊಲಕ್ಕೆ ತರುವುದು ಅಲ್ಲಿನ ಹಳೇ ಪದ್ಧತಿ. ಅದಕ್ಕೆ ಕನಾತ್ ಅನ್ನುತ್ತಾರೆ. ಬೀದರಿನ ನೌಬಾದ್ ಹತ್ತಿರದ ಕರೇಜ್ ನೋಡಿದವರಿಗೆ ಇದು ಹೊಸದಲ್ಲ. ಬಹಮನಿಗಳ ಕಾಲದಲ್ಲಿ ಆ ವಿದ್ಯೆ ಇಲ್ಲಿಗೆ ಬಂದಿದ್ದೇ ಪರ್ಷಿಯಾದಿಂದ. ಸಾಲಾಗಿ ತೋಡಿದ ಬಾವಿಗಳಲ್ಲಿ ಇಳಿದು ಹೂಳು ಎತ್ತುತ್ತಲೇ ಇರಬೇಕು, ಕುಸಿದ ಕಡೆ ಕಟ್ಟುತ್ತಲೇ ಇರಬೇಕು. ಕೆಲವು ವರ್ಷ ಯಾರೂ ಇಳಿಯದಿದ್ದರೆ ನೀರು ಕಟ್ಟಿಹೋಗುತ್ತದೆ. ಕನಾತ್ ಹಾಳಾಗಲು ದಂಡೇ ಬರಬೇಕಿಲ್ಲ, ಊರವರು ಊರು ಬಿಟ್ಟರೆ ಸಾಕು.

ಅವರು ಊರು ಬಿಟ್ಟರು. 1221ರಲ್ಲಿ ಮಾತ್ರ ಅಲ್ಲ, ಆಮೇಲೂ ಎಪ್ಪತ್ತು ವರ್ಷ ಬಿಡುತ್ತಲೇ ಹೋದರು.

ಕಾರಣ ವಸೂಲಿ. ಹಳೇ ಭೂ ಕಂದಾಯ ಹಾಗೇ ಇತ್ತು. ಅದರ ಮೇಲೆ ಮಂಗೋಲರ ಕುಪ್ಚೂರ್ ಬಂತು. ಹುಲ್ಲುಗಾವಲಿನಲ್ಲಿ ಅದು ನೂರು ದನಕ್ಕೆ ಒಂದು ದನ ಕೊಡುವ ಪದ್ಧತಿ, ಇಲ್ಲಿ ತಲೆಗಿಷ್ಟು ಎಂದು ನಗದು ತೆರಿಗೆಯಾಯಿತು. ವ್ಯಾಪಾರಕ್ಕೆ ತಮ್ಘಾ ಎಂಬ ಸುಂಕ ಬೇರೆ. ನನಗೆ ಕಾಣುವಂತೆ ಜನರನ್ನು ಜಾಸ್ತಿ ಹಿಂಡಿದ್ದು ತೆರಿಗೆಯ ಮೊತ್ತಕ್ಕಿಂತ ಅದನ್ನು ಕೀಳುವ ರೀತಿ. ಬೊಕ್ಕಸದಲ್ಲಿ ದುಡ್ಡಿಲ್ಲದಾಗ ದಿವಾನರ ಕಚೇರಿ ಸಾಲ ಕೊಟ್ಟವರಿಗೆ, ಸೈನಿಕರಿಗೆ, ದೂತರಿಗೆ ಒಂದು ಚೀಟಿ ಬರೆದುಕೊಡುತ್ತಿತ್ತು. ಅದರ ಹೆಸರು ಬರಾತ್. ಇಂಥ ಸೀಮೆಯ ಕಂದಾಯದಿಂದ ಇಷ್ಟು ಎತ್ತಿಕೊಳ್ಳಿ ಎಂದು ಅದರಲ್ಲಿ ಇರುತ್ತಿತ್ತು. ಚೀಟಿ ಹಿಡಿದವನು ಆಳುಕಾಳು, ಕುದುರೆ ಸಮೇತ ಹಳ್ಳಿಗೆ ಬಂದು ಕೂರುತ್ತಿದ್ದ. ಅದೇ ಕಂದಾಯದ ಮೇಲೆ ಇನ್ನೂ ಹತ್ತು ಚೀಟಿಗಳು ಆಗಲೇ ಹೊರಟಿರುತ್ತಿದ್ದವು.

ಇದನ್ನು ಬರೆದಿಟ್ಟವನು ರಶೀದುದ್ದೀನ್. ಹಮದಾನಿನ ವೈದ್ಯ, ಮುಂದೆ ವಜೀರನಾದವನು. ಯಜ್ದ್ ಸೀಮೆಯ ಫಿರೂಜಾಬಾದ್ ಎಂಬ ದೊಡ್ಡ ಹಳ್ಳಿಯ ಸಂಗತಿ ಅವನ ಬರಹದಲ್ಲಿದೆ. ಜಮೀನಿನ ಒಡೆಯನೊಬ್ಬ ತನ್ನ ಪಾಲು ಕೇಳಲು ಅಲ್ಲಿಗೆ ಹೋದ. ಮೂರು ದಿನ ಹುಡುಕಿದರೂ ಊರ ಮುಖಂಡರು ಒಬ್ಬರೂ ಸಿಗಲಿಲ್ಲ. ಊರಲ್ಲಿ ಇದ್ದವರು ಚೀಟಿ ಹಿಡಿದ 17 ವಸೂಲಿಗಾರರು. ಹೊಲ ಕಾಯುವ ಒಬ್ಬನನ್ನೂ ಇಬ್ಬರು ರೈತರನ್ನೂ ಬಯಲಿನಿಂದ ಹಿಡಿದು ತಂದು, ಹಗ್ಗಕ್ಕೆ ತೂಗುಹಾಕಿ ಹೊಡೆಯುತ್ತಿದ್ದರು. ಉಳಿದವರೆಲ್ಲಿ ಹೇಳಿ, ನಮಗೆ ಊಟ ತನ್ನಿ ಅಂತ. ಬೇರೆ ಊರುಗಳಲ್ಲಿ ಜನ ಬಾಗಿಲಿಗೆ ಕಲ್ಲು ಒಟ್ಟಿ, ಮಾಳಿಗೆಯಿಂದ ಮನೆಗೆ ಇಳಿಯುತ್ತಿದ್ದರಂತೆ. ರಶೀದುದ್ದೀನ್ ತನ್ನ ಕಾಲದ ಸುಧಾರಣೆಯನ್ನು ಹೊಗಳಲು ಹಿಂದಿನದನ್ನು ಸ್ವಲ್ಪ ಗಾಢವಾಗಿ ಬಳಿದಿರಬಹುದು. ಆದರೂ ಆ 17 ಜನರ ದೃಶ್ಯ ಸುಮ್ನೆ ಹುಟ್ಟಿಸಿದ್ದು ಅಂತ ನನಗೆ ಅನಿಸುವುದಿಲ್ಲ.

1291ರಲ್ಲಿ ಗೈಖಾತು ಪಟ್ಟಕ್ಕೆ ಬಂದ. ಎರಡೂ ಕೈಯಲ್ಲಿ ಹಂಚುವ ದೊರೆ. ಜೊತೆಗೆ ಜಾನುವಾರುಗಳಿಗೆ ದೊಡ್ಡ ರೋಗ ಬಡಿಯಿತು. ಬೊಕ್ಕಸ ಬರಿದಾಯಿತು. ಚೀನಾದಲ್ಲಿ ಕುಬ್ಲಾಯ್ ಖಾನ್ ಕಾಗದದ ಹಣ ನಡೆಸುತ್ತಿದ್ದ. ಅವನ ಕಡೆಯ ಬೋಲದ್ ಎಂಬ ಅಧಿಕಾರಿ ಇರಾನಿನಲ್ಲೇ ಇದ್ದ, ಅವನನ್ನು ಕೇಳಿ ತಿಳಿದುಕೊಂಡರು. 1294ರ ಸೆಪ್ಟೆಂಬರಿನಲ್ಲಿ ತಬ್ರೀಜಿನಲ್ಲಿ ಚಾವ್ ಎಂಬ ನೋಟು ಹೊರಬಂತು. ಮೇಲೆ ಚೀನೀ ಅಕ್ಷರ, ಜೊತೆಗೆ ಇಸ್ಲಾಮಿನ ಕಲಿಮಾ. ತೆಗೆದುಕೊಳ್ಳದವರಿಗೆ ಮರಣದಂಡನೆ ಎಂದು ಡಂಗುರ ಹೊಡೆಸಿದರು. ಅಂಗಡಿಗಳು ಮುಚ್ಚಿದವು, ಊಟದ ಸಾಮಾನು ಸಿಗಲಿಲ್ಲ, ಜನ ಪಟ್ಟಣ ಬಿಡತೊಡಗಿದರು, ಗಲಾಟೆ ಎದ್ದಿತು. ಸುಮಾರು ಎರಡು ತಿಂಗಳಲ್ಲಿ ನೋಟು ವಾಪಸ್. 35 ವರ್ಷದ ಮೇಲೆ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಬೆಳ್ಳಿಯ ಬೆಲೆಗೆ ತಾಮ್ರದ ನಾಣ್ಯ ಹೊರಡಿಸಿದ. ಅದೂ ಸೋತಿತು. ಹೊಲದಿಂದ ಬರುವುದು ನಿಂತಾಗ ಖಜಾನೆ ಇಂಥ ದಾರಿ ಹಿಡಿಯುತ್ತದೆ.

1295ರಲ್ಲಿ ಗೈಖಾತು ಕೊಲೆಯಾದ. ಅದೇ ವರ್ಷ ಇಪ್ಪತ್ತರ ಹರೆಯದ ಗಜಾನ್ ಇಸ್ಲಾಂ ಸ್ವೀಕರಿಸಿ ಪಟ್ಟಕ್ಕೇರಿದ. ಅವನ ಮತಾಂತರದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಅವನ ಕಂದಾಯದ ಕೆಲಸ ಅಷ್ಟೇ ದೊಡ್ಡದು. ಪ್ರತಿ ಸೀಮೆಗೆ ಗುಮಾಸ್ತರನ್ನು ಕಳಿಸಿ ಹಳ್ಳಿ ಹಳ್ಳಿಯ ಲೆಕ್ಕ ಬರೆಸಿದ. ಸ್ಥಳೀಯ ಅಧಿಕಾರಿಗಳು ಬರಾತ್ ಬರೆಯುವುದನ್ನು ನಿಲ್ಲಿಸಿದ. ಊರು ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಹಲಗೆ, ಕಲ್ಲು, ಲೋಹದ ಮೇಲೆ ಕೆತ್ತಿಸಿ ಎಲ್ಲರಿಗೂ ಕಾಣುವ ಕಡೆ ಹಾಕಿಸಲು ಹೇಳಿದ. ನಾಣ್ಯ, ತೂಕ, ಅಳತೆ ರಾಜ್ಯಕ್ಕೆಲ್ಲ ಒಂದೇ ಆಯಿತು. ದೂತರು ಕಂಡ ಕಂಡ ಮನೆಯಲ್ಲಿ ಬಿಡಾರ ಹೂಡಬಾರದು, ಕಂಡ ಕುದುರೆ ಹಿಡಿಯಬಾರದು ಎಂದಾಯಿತು. ಪಾಳು ಭೂಮಿ ಉಳುವವರಿಗೆ ರಿಯಾಯಿತಿ ಸಿಕ್ಕಿತು.

ಇದು ಕರುಣೆಯೋ ಲೆಕ್ಕಾಚಾರವೋ? ಗಜಾನ್ ತನ್ನ ಸರದಾರರಿಗೆ ಹೇಳಿದ ಮಾತನ್ನು ರಶೀದುದ್ದೀನ್ ದಾಖಲಿಸಿದ್ದಾನೆ. ಅದರ ಸಾರ ಇಷ್ಟು: ರೈತರ ಪರ ವಹಿಸುತ್ತಿಲ್ಲ, ದೋಚುವುದಾದರೆ ಎಲ್ಲರೂ ಸೇರಿ ದೋಚೋಣ. ಆದರೆ ಅವರ ಎತ್ತು, ಬೀಜ ಕಸಿದ ಮೇಲೆ ಮುಂದೆ ಏನು ತಿನ್ನುತ್ತೀರಿ? ಸರದಾರರ ಎದುರು ಬೇರೆ ಭಾಷೆ ನಡೆಯುತ್ತಿರಲಿಲ್ಲ ಅಲ್ವಾ. ಏನೇ ಇರಲಿ, ಹಳ್ಳಿಗೆ ಬೇಕಾಗಿದ್ದು ಸಿಕ್ಕಿತು. ಎಷ್ಟು ಕೊಡಬೇಕೆಂದು ಮೊದಲೇ ತಿಳಿಯುವ ಭರವಸೆ.

ಅದು ಹೆಚ್ಚು ದಿನ ಉಳಿಯಲಿಲ್ಲ. ಗಜಾನ್ 1304ರಲ್ಲಿ ತೀರಿಕೊಂಡ. ತಮ್ಮ ಒಲ್ಜೈತು ಸುಲ್ತಾನಿಯೆ ಕಟ್ಟಿಸಿದ. ರಶೀದುದ್ದೀನ್ ತಬ್ರೀಜಿನಲ್ಲಿ ಆಸ್ಪತ್ರೆ, ಗ್ರಂಥಾಲಯಗಳ ಒಂದು ಬಡಾವಣೆಯನ್ನೇ ಎಬ್ಬಿಸಿದ, ದೊಡ್ಡ ಜಮೀನ್ದಾರನೂ ಆದ. 1318ರಲ್ಲಿ, ಒಲ್ಜೈತುವಿಗೆ ವಿಷ ಹಾಕಿದ ಆರೋಪದ ಮೇಲೆ ಅವನನ್ನು ಕೊಂದರು, ಬಡಾವಣೆಯನ್ನು ಲೂಟಿ ಮಾಡಿದರು. 1335ರಲ್ಲಿ ಒಲ್ಜೈತುವಿನ ಮಗ, ದೊರೆ ಅಬೂ ಸಯೀದ್ ಗಂಡು ಸಂತಾನವಿಲ್ಲದೆ ಸತ್ತ. ರಾಜ್ಯ ಚೂರಾಯಿತು, ಚೂರಿಗೊಬ್ಬ ವಸೂಲಿಗಾರ ಬಂದ.

1340ರ ಸುಮಾರಿಗೆ ಹಮದುಲ್ಲಾ ಮುಸ್ತೌಫಿ ಸೀಮೆವಾರು ಕಂದಾಯವನ್ನು ಹಳೇ ಕಡತಗಳೊಂದಿಗೆ ಹೋಲಿಸಿ ಬರೆದ. ಅವನೇ ಕಂದಾಯ ಲೆಕ್ಕದ ಅಧಿಕಾರಿ. ಬಹುತೇಕ ಎಲ್ಲ ಕಡೆ ಮೊತ್ತ ಪಾತಾಳಕ್ಕೆ ಇಳಿದಿತ್ತು. ಇನ್ನು ಸಾವಿರ ವರ್ಷ ಯಾವ ಕೇಡೂ ಬರದಿದ್ದರೂ ಈ ನಾಡು ಮೊದಲಿನಂತಾಗದು ಎಂಬುದು ಅವನ ಮಾತು. ಅಷ್ಟರಲ್ಲಿ, 1337ರಲ್ಲೇ, ಖುರಾಸಾನಿನ ಸಬ್ಜವಾರ್ ಹತ್ತಿರದ ಬಾಶ್ತೀನ್ ಎಂಬ ಹಳ್ಳಿಯವರು ಅಧಿಕಾರಿಗಳ ಕಾಟಕ್ಕೆ ರೊಚ್ಚಿಗೆದ್ದು ತಿರುಗಿಬಿದ್ದಿದ್ದರು. ಸರ್ಬದಾರರು ಎಂದು ಕರೆಸಿಕೊಂಡ ಅವರು ಸಬ್ಜವಾರನ್ನು ಹಿಡಿದು ತಮ್ಮದೇ ಆಳ್ವಿಕೆ ನಡೆಸಿದರು. ಇಲ್‌ಖಾನ್ ಪಟ್ಟ ತನ್ನದು ಎನ್ನುತ್ತಿದ್ದವನು ಚೆಂಗಿಸನ ತಮ್ಮನ ವಂಶದ ತುಘಾ ತಿಮೂರ್. ಅವನನ್ನು 1353ರಲ್ಲಿ ಅವನದೇ ಬಿಡಾರದಲ್ಲಿ ಕೊಂದವರೂ ಈ ಸರ್ಬದಾರರೇ.