ಬೆನ್ನಟ್ಟಲಾಗದ ಎದುರಾಳಿ

ತರಬೇತಿಗೆ ಬರುವ ಯುವ ಸೈಕ್ಲಿಂಗ್ ಪಟುಗಳಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ತಂಡದಲ್ಲಿ ಗೆಲ್ಲಬಲ್ಲವರು ಇಬ್ಬರಿದ್ದರೆ, ಯಾರು ನಾಯಕನೆಂಬುದನ್ನು ರಸ್ತೆಯೇ ತೀರ್ಮಾನಿಸಲಿ ಎಂದು ಬಿಟ್ಟರೆ ತಪ್ಪೇನು? ಕೇಳಲು ನ್ಯಾಯವಾಗಿಯೇ ಇರುವ ಈ ಮಾತಿನಲ್ಲಿ ಒಂದು ತೊಡಕಿದೆ. ವೃತ್ತಿಪರ ರಸ್ತೆ ಸೈಕ್ಲಿಂಗ್‌ನ ಬರೆಯದ ಕಟ್ಟಳೆಯಂತೆ, ತನ್ನ ತಂಡದವನು ಮುಂದೆ ಹೋಗಿದ್ದರೆ ಸವಾರನು ಅವನನ್ನು ಬೆನ್ನಟ್ಟುವಂತಿಲ್ಲ. ಮತ್ತೊಬ್ಬನ ಹಿಂದೆ ಗಾಳಿಯ ಮರೆಯಲ್ಲಿ ಸಾಗುವವನಿಗೆ ಶ್ರಮ ಬಹಳ ಕಡಿಮೆಯಾದ್ದರಿಂದ, ಹಾಗೆ ಬೆನ್ನಟ್ಟಿದವನು ಇತರ ತಂಡಗಳ ಎದುರಾಳಿಗಳನ್ನು ಪುಕ್ಕಟೆಯಾಗಿ ಎಳೆದೊಯ್ದು ತನ್ನವನ ಬಳಿಗೇ ಮುಟ್ಟಿಸಿದಂತಾಗುತ್ತದೆ. ಹೀಗಾಗಿ ಸಮಬಲರಾದ ಇಬ್ಬರಲ್ಲಿ ಮೊದಲು ನುಗ್ಗಿದವನಿಗೇ ಲಾಭ, ಕಟ್ಟಳೆಯನ್ನು ಪಾಲಿಸುವವನಿಗೆ ನಷ್ಟ.

ಒಂದೇ ತಂಡದಲ್ಲಿದ್ದ ಬರ್ನಾರ್ ಇನೋ ಮತ್ತು ಗ್ರೆಗ್ ಲೆಮಾಂಡ್ ಅವರ ಪ್ರಕರಣವನ್ನು ಈ ಕಣ್ಣಿನಿಂದ ನೋಡಬೇಕು. 1985ರ ಟೂರ್ ಡಿ ಫ್ರಾನ್ಸ್‌ನಲ್ಲಿ ಲಾ ವೀ ಕ್ಲೇರ್ ತಂಡದ ಇನೋ, ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿಯಲ್ಲಿದ್ದರೂ, ಸಾಂತ್ ಎತಿಯೆನ್‌ನಲ್ಲಿ ಬಿದ್ದು ಮೂಗು ಮುರಿದುಕೊಂಡಿದ್ದರು. ಪಿರನೀಸ್ ಪರ್ವತದ ಲೂಜ್ ಆರ್ದಿದೆನ್ ಏರುವ ದಿನ ಅವರು ಹಿಂದುಳಿದಾಗ, ಎದುರಾಳಿ ತಂಡದ ಸ್ಟೀಫನ್ ರೋಚ್ ಜೊತೆ ಮುಂದಿದ್ದ ಲೆಮಾಂಡ್‌ಗೆ, ರೋಚ್ ಜೊತೆಗೂಡಿ ವೇಗ ಹೆಚ್ಚಿಸಬಾರದೆಂದು ತಂಡದ ಕಾರಿನಿಂದ ಆದೇಶ ಬಂತು. ಇನೋ ಎಷ್ಟು ಹಿಂದಿದ್ದಾರೆಂಬುದನ್ನು ತನಗೆ ಸರಿಯಾಗಿ ತಿಳಿಸಲಿಲ್ಲವೆಂದು ಲೆಮಾಂಡ್ ಆಮೇಲೆ ದೂರಿದರು. ಇನೋ 1 ನಿಮಿಷ 42 ಸೆಕೆಂಡ್‌ಗಳಿಂದ ತಮ್ಮ ಐದನೆಯ ಟೂರ್ ಗೆದ್ದರು; ಮರುವರ್ಷ ಲೆಮಾಂಡ್‌ಗೆ ನೆರವಾಗುವುದಾಗಿ ಮಾತು ಕೊಟ್ಟರು.

1986ರಲ್ಲಿ ಆದದ್ದೇ ಬೇರೆ. ಪೌ ಪಟ್ಟಣಕ್ಕೆ ಸಾಗುವ ಹಂತದಲ್ಲಿ ಇನೋ ಅವರು ಎದುರಾಳಿ ತಂಡದ ಪೆಡ್ರೊ ಡೆಲ್ಗಾಡೊ ಜೊತೆ ಮುಂದೆ ಹೋದರು. ಬೆನ್ನಟ್ಟುವಂತಿಲ್ಲದ ಲೆಮಾಂಡ್ ಆ ಒಂದೇ ದಿನ ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚು ಕಳೆದುಕೊಂಡರು. ಮರುದಿನ ಸೂಪರ್‌ಬಾನ್ಯೇರ್ ಹಾದಿಯಲ್ಲಿ, ಹಳದಿ ಜೆರ್ಸಿ ಮೈಮೇಲಿದ್ದಾಗಲೇ, ಇನೋ ಮತ್ತೆ ನುಗ್ಗಿ ದಣಿದು ಕುಸಿದರು. ಉಳಿದವರು ಅವರನ್ನು ಹಿಡಿದ ಮೇಲಷ್ಟೇ ಲೆಮಾಂಡ್‌ನ ಕಟ್ಟು ಬಿಚ್ಚಿತು. ಆ ಹಂತವನ್ನು ಗೆದ್ದು, ಕಳೆದುಕೊಂಡ ಸಮಯದ ಬಹುಪಾಲನ್ನು ಅವರು ಮರಳಿ ಪಡೆದರು. ಎದುರಾಳಿಗಳನ್ನು ದಣಿಸಿ ಲೆಮಾಂಡ್‌ಗೆ ನೆರವಾಗಲೆಂದೇ ಹಾಗೆ ಮಾಡಿದೆ ಎಂದು ಇನೋ ಸಮರ್ಥಿಸಿಕೊಂಡರು. ಪೌ ದಿನದ ಮಟ್ಟಿಗೆ ಈ ವಾದವನ್ನು ಒಪ್ಪಬಹುದೇನೋ. ಐದು ನಿಮಿಷದಷ್ಟು ಮುನ್ನಡೆ ಕೈಯಲ್ಲಿಟ್ಟುಕೊಂಡು ಮರುದಿನವೇ ನುಗ್ಗಿದ್ದಕ್ಕೆ ಆರನೆಯ ಗೆಲುವಿನ ಆಸೆಯ ಹೊರತು ಬೇರೆ ಕಾರಣ ನನಗಂತೂ ಕಾಣುವುದಿಲ್ಲ. ಕಡೆಗೆ ಕಾಲ್ ದು ಗ್ರಾನೊನ್‌ನಲ್ಲಿ ಹಳದಿ ಜೆರ್ಸಿ ತೊಟ್ಟ ಲೆಮಾಂಡ್, ಮಾರನೆಯ ದಿನ ಆಲ್ಪ್ ದ್ಯುಯೆಜ್ ಮೇಲೆ ಇನೋ ಜೊತೆ ಕೈಹಿಡಿದು ಗೆರೆ ದಾಟಿದರು. ಅದಾದ ಮೇಲೂ ಇನೋ, ಸ್ಪರ್ಧೆ ಇನ್ನೂ ಮುಗಿದಿಲ್ಲವೆಂಬ ಧಾಟಿಯಲ್ಲೇ ಮಾತನಾಡಿದರು.

ಕಟ್ಟಳೆಯನ್ನು ತಂಡವೇ ಮುರಿದದ್ದೂ ಉಂಟು. 1987ರಲ್ಲಿ ಇಟಲಿಯ ಸ್ಪರ್ಧೆಯಾದ ಜಿರೋ ದಿತಾಲಿಯಾದಲ್ಲಿ ಸಪ್ಪಾದಾ ಹಂತದಂದು ಕರೇರಾ ತಂಡದ ರೋಚ್ ಮುಂದೆ ಹೋದಾಗ, ಅಲ್ಲಿ ಮುಂದಿರುವವರು ತೊಡುವ ಗುಲಾಬಿ ಜೆರ್ಸಿಯಲ್ಲಿದ್ದ ತಮ್ಮದೇ ರೊಬೆರ್ತೊ ವಿಸೆಂತಿನಿಗಾಗಿ ತಂಡದವರೇ ರೋಚ್‌ರನ್ನು ಬೆನ್ನಟ್ಟಿದರು. ಆದರೂ ವಿಸೆಂತಿನಿ ಹಿಂದುಳಿದರು, ಜೆರ್ಸಿ ರೋಚ್ ಪಾಲಾಯಿತು, ಸ್ಪರ್ಧೆಯೂ.

ಇಂದು ಕಿವಿಯಲ್ಲಿ ರೇಡಿಯೊ ಇದೆ, ಆದೇಶ ಕ್ಷಣದಲ್ಲಿ ತಲುಪುತ್ತದೆ. ಆದರೆ ಆದೇಶ ಕೊಡಬೇಕಾದವರೇ ಸುಮ್ಮನಿದ್ದರೆ ರೇಡಿಯೊ ಏನು ಮಾಡೀತು? 2023ರಲ್ಲಿ ಸ್ಪೇನ್‌ನ ಸ್ಪರ್ಧೆಯಾದ ವುಯೆಲ್ಟಾದಲ್ಲಿ, ಆ ವರ್ಷ ಜಿರೋದಲ್ಲಿ ಪ್ರಿಮೊಜ್ ರೋಗ್ಲಿಚ್‌ಗಾಗಿಯೂ ಟೂರ್‌ನಲ್ಲಿ ಯೊನಾಸ್ ವಿಂಗೆಗೋರ್‌ಗಾಗಿಯೂ ದುಡಿದಿದ್ದ ಸೆಪ್ ಕುಸ್, ಅಲ್ಲಿ ಮುಂದಿರುವವರ ಕೆಂಪು ಜೆರ್ಸಿಯಲ್ಲಿದ್ದರು. ಯಂಬೊ-ವಿಸ್ಮಾ ತಂಡವು ಮೂವರಿಗೂ ಸ್ವಾತಂತ್ರ್ಯ ನೀಡಿತ್ತು. ಆಂಗ್ಲಿರು ಏರಿನಲ್ಲಿ ಆ ಇಬ್ಬರೂ ಕುಸ್‌ರನ್ನು ಹಿಂದೆ ಬಿಟ್ಟು ಸಾಗಿದಾಗ, ಕುಸ್ ಅವರ ಒಟ್ಟು ಮುನ್ನಡೆ 8 ಸೆಕೆಂಡ್‌ಗೆ ಇಳಿಯಿತು. ತನ್ನವರನ್ನು ಬೆನ್ನಟ್ಟಲಾಗದ ಕುಸ್‌ಗೆ ಆಸರೆಯಾಗಿ ಒದಗಿದ್ದು ಎದುರಾಳಿ ತಂಡದ ಮಿಕೆಲ್ ಲಾಂಡಾ ಅವರ ಚಕ್ರದ ಹಿಂದಿನ ಗಾಳಿಯ ಮರೆ. ಅದಾದ ಮೇಲಷ್ಟೇ ತಂಡವು ಕುಸ್ ಬೆನ್ನಿಗೆ ನಿಲ್ಲುವುದೆಂದು ಸ್ಪಷ್ಟಪಡಿಸಿತು. ವಿಂಗೆಗೋರ್‌ಗಿಂತ 17 ಸೆಕೆಂಡ್ ಮುಂದಿದ್ದು ಅವರು ಗೆದ್ದರು. ಮೂರನೆಯವರಾದ ರೋಗ್ಲಿಚ್ ಆ ವರ್ಷಾಂತ್ಯಕ್ಕೆ ತಂಡವನ್ನು ತೊರೆದು, ತಾವೇ ನಾಯಕರಾಗುವ ಬೋರಾ ತಂಡಕ್ಕೆ ಹೋದರು.